ತವರಿಗೆ ಬಂದ ಮೀನು

ದೊಡ್ಡ ಮೀನು ಸಣ್ಣ ಮೀನನ್ನು ನುಂಗುವುದಕ್ಕೆ ನಮ್ಮ ಪ್ರಾಚೀನರು ಮತ್ಸ್ಯನ್ಯಾಯವೆಂದು ಹೆಸರಿಟ್ಟರು. ದಂಡವನ್ನು ಹಿಡಿಯುವವರಿಲ್ಲದ ನಾಡಿನಲ್ಲಿ ಬಲವುಳ್ಳವನು ಬಲವಿಲ್ಲದವನನ್ನು ಹೀಗೆಯೇ ನುಂಗುವನೆಂದು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಹೇಳಿರುವುದನ್ನು ರಾಜ್ಯಶಾಸ್ತ್ರದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಅವನ ಮತದಲ್ಲಿ ಈ ರೋಗಕ್ಕೆ ದಂಡವೇ ಮದ್ದು. ಆ ಮದ್ದು ಎಷ್ಟರ ಮಟ್ಟಿಗೆ ಸಾಕು, ಎಲ್ಲಿ ಸಾಲದು ಎಂಬುದನ್ನು ನಿಜವಾದ ಒಂದು ಮೀನಿನ ಕಥೆಯಿಂದ ವಿಚಾರಮಾಡುವುದು ಈ ಲೇಖನದ ಉದ್ದೇಶ. ಆ ಮೀನಿನ ಹೆಸರು ತಿಮಿಂಗಿಲ ಶಾರ್ಕ್.

ಹೆಸರಿನಲ್ಲಿ ತಿಮಿಂಗಿಲವಿದ್ದರೂ ಇದು ತಿಮಿಂಗಿಲವಲ್ಲ. ತಿಮಿಂಗಿಲವು ನಮ್ಮಂತೆಯೇ ಸಸ್ತನಿ. ಶ್ವಾಸಕೋಶದಿಂದ ಉಸಿರಾಡುತ್ತದೆ, ಮರಿಗೆ ಹಾಲೂಡಿಸುತ್ತದೆ. ಇದಾದರೋ ಕಿವಿರುಗಳಿಂದ ಉಸಿರಾಡುವ ಅಪ್ಪಟ ಮೀನು. ಶಾರ್ಕ್ ಗುಂಪಿಗೆ ಸೇರಿದುದು. ದಕ್ಷಿಣ ಆಫ್ರಿಕದ ಟೇಬಲ್ ಕೊಲ್ಲಿಯಲ್ಲಿ ಸಿಕ್ಕಿದ ಒಂದು ಮೀನನ್ನು ಪರೀಕ್ಷಿಸಿ, 1828ರಲ್ಲಿ ಆಂಡ್ರೂ ಸ್ಮಿತ್ ಎಂಬ ವಿಜ್ಞಾನಿ ಇದನ್ನು ಮೊದಲು ವರ್ಣಿಸಿದನು. ಇಂದು ಬದುಕಿರುವ ಮೀನುಗಳಲ್ಲೆಲ್ಲ ಇದೇ ಅತಿ ದೊಡ್ಡದು. ಬೆಳೆದ ಮೀನು 12 ಮೀಟರಿಗೂ, ಎಂದರೆ ಸುಮಾರು 40 ಅಡಿಗೂ, ಮೀರಿ ಬೆಳೆಯಬಲ್ಲದು. ನಮ್ಮಲ್ಲಿ ಅನೇಕರು ಕಾಲೇಜಿಗೆ ಬರುವ ಸರ್ಕಾರಿ ಬಸ್ಸನ್ನು ನೆನೆದರೆ ಅದರ ಉದ್ದದ ಅಂದಾಜು ಸಿಕ್ಕೀತು.

ಇಷ್ಟು ದೊಡ್ಡ ದೇಹಕ್ಕೆ ಆಹಾರವೇನು? ನೀರಿನಲ್ಲಿ ತೇಲುವ ಅತಿ ಸಣ್ಣ ಜೀವಿಗಳು, ಮೀನಿನ ಮೊಟ್ಟೆಗಳು, ಸಣ್ಣಪುಟ್ಟ ಮೀನುಗಳು. ಅಗಲವಾದ ಬಾಯನ್ನು ತೆರೆದುಕೊಂಡು ನಿಧಾನವಾಗಿ ಈಜುತ್ತ, ನೀರನ್ನು ಕಿವಿರುಗಳ ಮೂಲಕ ಹೊರಬಿಟ್ಟು, ಜರಡಿ ಹಿಡಿದಂತೆ ಆಹಾರವನ್ನು ಸೋಸಿಕೊಳ್ಳುತ್ತದೆ. ಬಾಯಿಯಲ್ಲಿ ಸಾವಿರಾರು ಹಲ್ಲುಗಳುಂಟು. ಆದರೆ ಅವು ಬಹು ಸಣ್ಣವು, ಕಚ್ಚುವುದಕ್ಕೆ ಒದಗುವಂಥವಲ್ಲ. ಮನುಷ್ಯನಿಗೆ ಇದರಿಂದ ಭಯವಿಲ್ಲ. ಬೆನ್ನಿನ ಮೇಲೆಲ್ಲ ರಂಗವಲ್ಲಿಯ ಚುಕ್ಕೆಗಳಂತೆ ಬಿಳಿಯ ಬೊಟ್ಟುಗಳು. ನಮ್ಮ ಹೆಬ್ಬೆಟ್ಟಿನ ಗುರುತಿನಂತೆ ಒಂದರ ಚುಕ್ಕೆಗಳು ಇನ್ನೊಂದರಂತೆ ಇರುವುದಿಲ್ಲ.

1995ರಲ್ಲಿ ತೈವಾನಿನ ಬಳಿ ಸಿಕ್ಕಿದ ಒಂದು ಹೆಣ್ಣು ಮೀನಿನ ಗರ್ಭದಲ್ಲಿ ಸುಮಾರು 300 ಮರಿಗಳಿದ್ದುವು. ಇದು ಮೊಟ್ಟೆಯನ್ನು ನೀರಿಗೆ ಬಿಡುವ ಮೀನಲ್ಲ, ಮರಿ ಹಾಕುವ ಮೀನು ಎಂಬುದು ಅದರಿಂದ ಸ್ಥಿರಪಟ್ಟಿತು. ಒಮ್ಮೆಗೆ ಮುನ್ನೂರು ಮರಿಗಳೆಂದರೆ ಕೊರತೆಯಾಗದೆಂದು ನಮಗೆ ತೋರಬಹುದು. ಆದರೆ ಮರಿಯೊಂದು ಬೆಳೆದು ಪ್ರಾಯಕ್ಕೆ ಬರಲು ಇಪ್ಪತ್ತು ಮೂವತ್ತು ವರ್ಷಗಳೇ ಬೇಕು. ಇಂಥ ಪ್ರಾಣಿಯನ್ನು ಹತ್ತು ವರ್ಷ ಎಡೆಬಿಡದೆ ಬೇಟೆಯಾಡಿದರೆ ತುಂಬಿಕೊಳ್ಳಲು ಒಂದು ತಲೆಮಾರು ಸಾಲದು.

ಹೀಗೆಯೇ ನಡೆದುದು ಗುಜರಾತಿನ ಸೌರಾಷ್ಟ್ರ ಕರಾವಳಿಯಲ್ಲಿ. ಪ್ರತಿ ವರ್ಷವೂ ಕೆಲವು ತಿಂಗಳು ಈ ಮೀನುಗಳು ವೆರಾವಲ್ ಮುಂತಾದ ಊರುಗಳ ಎದುರಿನ ಕಡಲಿಗೆ ಬರುತ್ತವೆ. ಅಲ್ಲಿನ ಬೆಸ್ತರು ಹಿಂದಿನಿಂದಲೂ ಇದರ ಪಿತ್ತಕೋಶದ ಬಳಿಯ ದೊಡ್ಡ ಯಕೃತ್ತಿನಿಂದ ಎಣ್ಣೆ ತೆಗೆದು, ಮರದ ದೋಣಿಗಳಿಗೆ ನೀರು ಇಳಿಯದಂತೆ ಬಳಿಯುತ್ತಿದ್ದರು. ಅದು ಮನೆಬಳಕೆಯ ಮಟ್ಟದ್ದು. 1990ರ ದಶಕದಲ್ಲಿ ಪೂರ್ವ ಏಷ್ಯದ ಮಾರುಕಟ್ಟೆಗಳಿಂದ ಇದರ ಮಾಂಸಕ್ಕೂ ರೆಕ್ಕೆಗೂ ಬೇಡಿಕೆ ಬಂದಿತು. ದೊಡ್ಡ ಕೊಕ್ಕೆಗಳಿಗೆ ಹಗ್ಗ ಬಿಗಿದು, ಹಗ್ಗದ ತುದಿಗೆ ಪೀಪಾಯಿಗಳನ್ನು ಕಟ್ಟುತ್ತಿದ್ದರು. ಕೊಕ್ಕೆ ಚುಚ್ಚಿಸಿಕೊಂಡ ಮೀನು ಪೀಪಾಯಿಗಳಿಂದಾಗಿ ಆಳಕ್ಕೆ ಮುಳುಗಲಾರದೆ, ಎಳೆದೆಳೆದು ಸೋತುಹೋಗುತ್ತಿತ್ತು. ಇದರಿಂದ ಆ ಮೀನಿಗೇ ‘ಬ್ಯಾರಲ್’ ಎಂಬ ಹೆಸರು ಬಿದ್ದಿತು. ನೂರಾರು ಮೀನುಗಳು ಹೀಗೆ ದಡಕ್ಕೆ ಬಂದುವು. ಮೈಕ್ ಪಾಂಡೆಯವರು 2000ದಲ್ಲಿ ತಯಾರಿಸಿದ ‘ಶೋರ್ಸ್ ಆಫ್ ಸೈಲೆನ್ಸ್’ ಎಂಬ ಸಾಕ್ಷ್ಯಚಿತ್ರವು ಈ ದೃಶ್ಯವನ್ನು ದೇಶದ ಕಣ್ಣಿಗೆ ತಂದಿತು.

ಆಗ ದಂಡವು ಎಚ್ಚೆತ್ತಿತು. 2001ರ ಮೇ ತಿಂಗಳಲ್ಲಿ ಭಾರತ ಸರ್ಕಾರವು ತಿಮಿಂಗಿಲ ಶಾರ್ಕನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಿತು. ಹುಲಿ, ಆನೆಗಳ ಸಾಲಿನಲ್ಲಿ ಮೀನೊಂದು ನಿಂತದ್ದು ಅದೇ ಮೊದಲು. ಮರುವರ್ಷ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ನಿಯಂತ್ರಣ ಒದಗಿತು. ಆದರೆ ಸೌರಾಷ್ಟ್ರದ ಅನೇಕ ಬೆಸ್ತರಿಗೆ ಇಂಥದೊಂದು ಕಾನೂನು ಬಂದಿದೆಯೆಂಬುದೇ ತಿಳಿದಿರಲಿಲ್ಲ. ತಿಳಿದಮೇಲೂ ಇನ್ನೊಂದು ತೊಡಕು ಉಳಿಯಿತು. ಬೇಟೆಯಾಡಬೇಡವೆಂದರೆ ಬೆಸ್ತನು ಕೊಕ್ಕೆಯನ್ನು ಕೆಳಗಿಡಬಲ್ಲನು. ಬೇರೆ ಮೀನಿಗೆಂದು ಹಾಸಿದ ಬಲೆಗೆ ಈ ಮಹಾಮತ್ಸ್ಯ ತಾನಾಗಿಯೇ ಬಂದು ಸಿಕ್ಕಿಕೊಂಡರೆ ಏನು ಮಾಡಬೇಕು? ಅದು ಬದುಕಬೇಕಾದರೆ ಬಲೆಯನ್ನು ಕತ್ತರಿಸಲೇಬೇಕು. ಬಲೆಯೋ ಸಾಲ ಮಾಡಿ ಕೊಂಡದ್ದು.

ದಂಡವು ಜನರನ್ನು ಕೇಳದೆ ಮುಂದೆ ಹೋದರೆ ಏನಾಗುವುದೆಂಬುದಕ್ಕೂ ಅದೇ ವರ್ಷದಲ್ಲಿ ನಿದರ್ಶನವುಂಟು. 2001ರ ಜುಲೈಯಲ್ಲಿ ಶಾರ್ಕ್, ತೊರಕೆ ಮುಂತಾದ ಮೃದ್ವಸ್ಥಿ ಮೀನುಗಳೆಲ್ಲವನ್ನೂ ಒಂದೇ ಏಟಿಗೆ ನಿಷೇಧದ ಪಟ್ಟಿಗೆ ಸೇರಿಸಲಾಯಿತು. ಅವುಗಳಿಂದಲೇ ಜೀವನ ನಡೆಸುತ್ತಿದ್ದವರು ಪ್ರತಿಭಟಿಸಿದರು. ಡಿಸೆಂಬರಿನೊಳಗಾಗಿ ಪಟ್ಟಿ ಹತ್ತು ಜಾತಿಗಳಿಗೆ ಇಳಿಯಿತು.

ತಿಮಿಂಗಿಲಗಳ ವಿಷಯದಲ್ಲಿ ದಂಡವೇ ಬಹುಮಟ್ಟಿಗೆ ಕೆಲಸ ಮಾಡಲಿಲ್ಲವೆ ಎಂದು ಯಾರಾದರೂ ಕೇಳಬಹುದು. ನಿಜ. ಇಪ್ಪತ್ತನೆಯ ಶತಮಾನದಲ್ಲಿ ಸುಮಾರು 29 ಲಕ್ಷ ತಿಮಿಂಗಿಲಗಳು ಬೇಟೆಗೆ ಬಲಿಯಾದುವು. ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವು 1982ರಲ್ಲಿ ನಿರ್ಣಯಿಸಿ, 1986ರಿಂದ ವಾಣಿಜ್ಯ ಬೇಟೆಯನ್ನು ತಡೆಹಿಡಿಯಿತು. ಕೆಲವು ರಾಷ್ಟ್ರಗಳು ಒಪ್ಪದಿದ್ದರೂ, 2019ರಲ್ಲಿ ಜಪಾನು ಆಯೋಗವನ್ನೇ ಬಿಟ್ಟು ಹೊರನಡೆದರೂ, ಕೆಲವು ಜಾತಿಗಳು ಚೇತರಿಸಿಕೊಂಡಿವೆ. ಆದರೆ ಅಲ್ಲಿ ನಿಲ್ಲಿಸಬೇಕಾಗಿದ್ದುದು ಕಂಪನಿಗಳ ಹಡಗುಗಳನ್ನು. ಹಡಗು ನಿಂತರೆ ಕಂಪನಿಯು ಬೇರೆ ಉದ್ಯೋಗ ಹಿಡಿಯುತ್ತದೆ. ಸೌರಾಷ್ಟ್ರದಲ್ಲಿ ನಿಲ್ಲಿಸಬೇಕಾಗಿದ್ದುದು ಒಂದು ಸಂಸಾರದ ದೋಣಿಯನ್ನು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಸಮುದ್ರವನ್ನು ನಮ್ಮ ಮನೆಯಲ್ಲಿ ಯಾರೂ ಕಂಡವರಲ್ಲ. ಆದರೂ ಈ ವಿಷಯವನ್ನು ಓದುತ್ತಿದ್ದ ದಿನಗಳಲ್ಲಿ ಒಂದು ರಾತ್ರಿ ಊಟಕ್ಕೆ ಕುಳಿತಾಗ ನಮ್ಮ ತಂದೆಯವರಿಗೆ ಇದನ್ನೆಲ್ಲ ಹೇಳಿದೆನು. ಕಾಡಂಚಿನಲ್ಲಿರುವ ನಮ್ಮ ತುಂಡು ಹೊಲಕ್ಕೆ ಹಂದಿ ನುಗ್ಗಿ ಮುಸುಕಿನ ಜೋಳವನ್ನು ನೆಲಸಮ ಮಾಡಿದ ವರ್ಷಗಳನ್ನು ಕಂಡವರು ಅವರು. ಪೂರ್ತಿ ಕೇಳಿ, “ಮೀನು ಬಿಟ್ಟಿದ್ದು ಒಳ್ಳೇದೇ ಕಣಪ್ಪ. ಬಲೆ ದುಡ್ಡು ಯಾರು ಕೊಟ್ರು?” ಎಂದರು. ಈ ಪ್ರಶ್ನೆಯಲ್ಲಿಯೇ ವಿಷಯದ ತಿರುಳು ಅಡಗಿದೆಯೆಂದು ನನ್ನ ಭಾವನೆ.

ಅದಕ್ಕೆ ಉತ್ತರ ದೊರೆತದ್ದು 2004ರಲ್ಲಿ ಆರಂಭವಾದ ಒಂದು ಆಂದೋಲನದಿಂದ. ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ, ಟಾಟಾ ಕೆಮಿಕಲ್ಸ್ ಹಾಗೂ ಗುಜರಾತಿನ ಅರಣ್ಯ ಇಲಾಖೆ ಇದರಲ್ಲಿ ಕೈಜೋಡಿಸಿದುವು. ಗಾಳಿ ತುಂಬಿದ ಭಾರಿ ಗಾತ್ರದ ಮೀನಿನ ಬೊಂಬೆಯನ್ನು ಊರೂರಿಗೆ ಒಯ್ದರು, ಬೀದಿನಾಟಕಗಳನ್ನಾಡಿದರು. ರಾಮಕಥೆಯ ಪ್ರವಚನಕಾರರಾದ ಮೊರಾರಿ ಬಾಪು ಅವರು ಜನರಿಗೆ ಒಂದು ಮಾತು ಹೇಳಿದರು: ಈ ಮೀನು ಹೆರಿಗೆಗೆಂದು ತವರಿಗೆ ಬರುವ ಮಗಳಿದ್ದಂತೆ. ಮಗಳನ್ನು ಯಾರಾದರೂ ಕೊಲ್ಲುವುದುಂಟೆ? ‘ಬ್ಯಾರಲ್’ ಹೋಗಿ, ಪ್ರೀತಿಪಾತ್ರಳು ಎಂಬ ಅರ್ಥದ ‘ವ್ಹಾಲಿ’ ಎಂಬ ಹೆಸರು ಬಂದಿತು.

ತವರೆಂಬ ಮಾತಿನ ತೂಕವನ್ನು ಕನ್ನಡಿಗರಿಗೆ ಬೇರೆ ವಿವರಿಸಬೇಕಾಗಿಲ್ಲ. ನಮ್ಮ ಗರತಿಯರ ಹಾಡುಗಳಲ್ಲಿ ಅರ್ಧ ಪಾಲು ತವರಿನದೇ. ಈ ಮೀನು ಎಲ್ಲಿ ಮರಿಹಾಕುತ್ತದೆಂಬುದು ವಿಜ್ಞಾನಕ್ಕೆ ಇನ್ನೂ ಒಗಟು. ಆದಕಾರಣ ಆ ಹೋಲಿಕೆಯನ್ನು ಪ್ರಾಣಿಶಾಸ್ತ್ರದ ಪಾಠವೆಂದು ಹಿಡಿಯಬೇಕಾಗಿಲ್ಲ. ಅದು ಸಂಬಂಧವನ್ನು ಕಲ್ಪಿಸಿದ ಮಾತು. ಪೀಪಾಯಿಯನ್ನು ಮಾರಬಹುದು, ಮಗಳನ್ನು ಮಾರಲಾಗದು.

ಆದರೆ ಮಗಳು ತವರಿಗೆ ಬಂದರೆ ತಂದೆಗೆ ಖರ್ಚುಂಟು. ಈ ಮಾತನ್ನು ಆಂದೋಲನದವರು ಮರೆಯಲಿಲ್ಲ. ಮೀನನ್ನು ಬಿಡಿಸಲು ಬಲೆಯನ್ನು ಕತ್ತರಿಸಿದ ಬೆಸ್ತನಿಗೆ 25,000 ರೂಪಾಯಿಗಳವರೆಗೆ ಪರಿಹಾರ ಕೊಡುವ ಏರ್ಪಾಟನ್ನು ಅರಣ್ಯ ಇಲಾಖೆಯು ಮಾಡಿತು. ಮೊದಮೊದಲು ಅಧಿಕಾರಿಗಳು ಕಡಲಿಗೆ ಬಂದು ಕಣ್ಣಾರೆ ನೋಡಬೇಕಾಗಿತ್ತು. ಅಷ್ಟು ಹೊತ್ತು ಮೀನು ಬಲೆಯಲ್ಲಿಯೇ ಒದ್ದಾಡುತ್ತಿತ್ತು. ಮುಂದೆ ಬೆಸ್ತರ ಕೈಗೇ ಕ್ಯಾಮೆರಾಗಳನ್ನು ಕೊಟ್ಟು, ಬಿಡಿಸಿದ ಕೂಡಲೆ ಅವರು ತೆಗೆದ ಚಿತ್ರವನ್ನೇ ಸಾಕ್ಷಿಯೆಂದು ಒಪ್ಪಲಾಯಿತು. ಬಡವನ ಮಾತನ್ನು ಸರ್ಕಾರ ನಂಬಿತು. ಮೀನು ಬೇಗ ಕಡಲಿಗೆ ಹಿಂತಿರುಗಿತು. ಹೀಗೆ ಗುಜರಾತಿನ ಬೆಸ್ತರು ತಾವಾಗಿಯೇ ಬಿಡಿಸಿ ಕಳುಹಿಸಿದ ಮೀನುಗಳ ಸಂಖ್ಯೆ ಒಂಬೈನೂರನ್ನು ದಾಟಿದೆ. ಹಿಂದೆ ಕೊಕ್ಕೆ ಎಸೆದ ಊರುಗಳವರೇ ಇವರು.

ಇಷ್ಟರಿಂದ ಆ ಮೀನಿನ ಕಷ್ಟವೆಲ್ಲ ತೀರಿತೆಂದು ತಿಳಿಯಲಾಗದು. 2016ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ಅಳಿವಿನ ಅಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ಇದು ಒಂದು ದೇಶದ ಕಡಲಿನಲ್ಲಿ ನಿಲ್ಲುವ ಮೀನಲ್ಲ. ಸಾವಿರಾರು ಮೈಲಿ ಸಂಚರಿಸುತ್ತದೆ. ನೀರಿನ ಮೇಲ್ಮೈಯಲ್ಲಿ ಮೇಯುವಾಗ ದೊಡ್ಡ ಹಡಗುಗಳ ಪೆಟ್ಟಿಗೆ ಸಿಕ್ಕುತ್ತದೆ. ನೀರನ್ನು ಸೋಸುವಾಗ ಆಹಾರದೊಡನೆ ಪ್ಲಾಸ್ಟಿಕ್ಕಿನ ಚೂರುಗಳನ್ನೂ ನುಂಗುತ್ತದೆ. ನಮ್ಮ ಕರ್ನಾಟಕದ ಕರಾವಳಿಯಲ್ಲಿಯೂ ಈ ಮೀನು ಬಲೆಗೆ ಸಿಕ್ಕಿದ ಉದಾಹರಣೆಗಳುಂಟು. ಆದುದರಿಂದ ಸೌರಾಷ್ಟ್ರದ ಪಾಠವು ಮಂಗಳೂರು, ಮಲ್ಪೆ, ಕಾರವಾರಗಳಿಗೂ ಸಲ್ಲತಕ್ಕದ್ದು.

ಪಾಠವಾದರೂ ಯಾವುದು? ದಂಡವು ಬೇಕು; ಅದಿಲ್ಲದಿದ್ದರೆ ಮಾರುಕಟ್ಟೆಯು ಕೊನೆಯ ಮೀನನ್ನೂ ತೂಗಿ ಮಾರುತ್ತಿತ್ತು. ಆದರೆ ನಡುಗಡಲಿನಲ್ಲಿ, ಯಾವ ಪೋಲೀಸಿನವನೂ ಕಾಣದ ಕತ್ತಲೆಯಲ್ಲಿ, ಚಾಕುವನ್ನು ಮೀನಿನ ಮೇಲೆತ್ತದೆ ತನ್ನ ಬಲೆಯ ಮೇಲೆಯೇ ಎತ್ತುವವನು ಬೆಸ್ತ. ಅವನ ಕೈ ಆ ಕಡೆ ತಿರುಗಬೇಕಾದರೆ ಎರಡು ವಿಷಯಗಳು ಅವನಿಗೆ ಖಚಿತವಾಗಿರಬೇಕು: ಈ ಜೀವಿ ತನ್ನದು, ಮತ್ತು ಇದನ್ನು ಉಳಿಸಿದ ತಪ್ಪಿಗೆ ತನ್ನ ಮಕ್ಕಳು ಉಪವಾಸ ಬೀಳುವುದಿಲ್ಲ. ಪದವಿ ಪಡೆದು ನಾಳೆ ಕಚೇರಿಗಳಲ್ಲಿ ಕುಳಿತು ನಿಯಮಗಳನ್ನು ಬರೆಯುವವರು, ಜಾರಿಮಾಡುವವರು ನಮ್ಮಲ್ಲಿಯೂ ಕೆಲವರು ಇರಬಹುದು. ಕಾಡಿನದಾಗಲಿ ಕಡಲಿನದಾಗಲಿ, ಒಂದು ಜೀವವನ್ನು ಉಳಿಸುವ ಆಜ್ಞೆಗೆ ರುಜು ಹಾಕುವ ಮೊದಲು, ಬಲೆಯ ದುಡ್ಡು ಯಾರು ಕೊಡುವರೆಂದು ಅವರು ಒಮ್ಮೆ ಕೇಳಿಕೊಳ್ಳಲಿ.