ಕಂತಿಗೆ ಬಂದ ಕಂಪ್ಯೂಟರ್, ಕಂತೆ ಕಂತೆ ತಾಪತ್ರಯ

ಕಾಲೇಜು ತೆರೆಯುವ ಹೊತ್ತಿಗೆ ಅಂಗಡಿಗಳ ಮುಂದೆ ‘ಸೊನ್ನೆ ಬಡ್ಡಿ’ಯ ಫಲಕಗಳು ತೂಗಾಡತೊಡಗುತ್ತವೆ. ಮಕ್ಕಳಿಗೆ ಗಣಕ ಕೊಡಿಸುವ ಆಸೆಯಲ್ಲಿ ಸಹಿ ಹಾಕುವ ಪೋಷಕರು ಅದಕ್ಕೂ ಮುನ್ನ ಕೇಳಬೇಕಾದ ಪ್ರಶ್ನೆಗಳು ಯಾವುವು?

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಮುಗಿದಿದೆ. ಗೂಡಿಗೆ ಒಳ್ಳೆಯ ಧಾರಣೆ ಸಿಕ್ಕಿದೆ. ಬೆಳೆಗಾರರೊಬ್ಬರು ಖಾಲಿ ಚೀಲಗಳನ್ನು ಮಡಚಿಟ್ಟು, ಕಾದು ನಿಂತ ಮಗಳೊಂದಿಗೆ ಪೇಟೆಯತ್ತ ಹೆಜ್ಜೆ ಹಾಕುತ್ತಾರೆ. ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ತರಗತಿ ಆರಂಭವಾಗುವುದರೊಳಗೆ ಲ್ಯಾಪ್‌ಟಾಪ್ ಬೇಕು. ಅಂಗಡಿಯ ಗಾಜಿನ ಮೇಲೆ ದೊಡ್ಡ ಅಕ್ಷರಗಳು: ‘ಬಡ್ಡಿ ಇಲ್ಲ! ತಿಂಗಳಿಗೆ 4,000 ರೂಪಾಯಿ ಮಾತ್ರ’. ಒಳಗೆ ಕೂರಲು ಕುರ್ಚಿ, ಕುಡಿಯಲು ತಣ್ಣನೆಯ ನೀರು, ಎದುರಿಗೆ ನಗುಮೊಗದ ಯುವಕ. ಆಧಾರ್, ಪ್ಯಾನ್, ಬ್ಯಾಂಕಿನ ಪಾಸ್‌ಬುಕ್ ಕೊಟ್ಟು, ಮೊಬೈಲಿಗೆ ಬಂದ ಗುಪ್ತ ಸಂಖ್ಯೆಯನ್ನು ಎರಡು ಮೂರು ಸಲ ಹೇಳುವಷ್ಟರಲ್ಲಿ ಸಾಲ ಮಂಜೂರು. ಅರ್ಧ ಗಂಟೆಯಲ್ಲಿ ಪೆಟ್ಟಿಗೆ ಕೈಗೆ ಬರುತ್ತದೆ. ಒಪ್ಪಿಗೆ ಕೊಟ್ಟ ಕರಾರಿನ ಪ್ರತಿಯನ್ನು ಮಾತ್ರ ಯಾರೂ ಕೇಳುವುದಿಲ್ಲ, ಯಾರೂ ಕೊಡುವುದಿಲ್ಲ.

ಇದು ಕಲ್ಪನೆಯ ಚಿತ್ರ. ಆದರೂ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಓದುಗರಿಗೆ ಇದರಲ್ಲಿ ಯಾರದೋ ಪರಿಚಿತ ಮುಖ ಕಂಡರೆ ಆಶ್ಚರ್ಯವಿಲ್ಲ. ಒಂದು ಕಾಲಕ್ಕೆ ಕಾಲೇಜಿನ ಪ್ರಯೋಗಾಲಯದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ನೋಡುವ ವಸ್ತುವಾಗಿದ್ದ ಗಣಕ ಇಂದು ನೋಟ್‌ಬುಕ್ಕಿನಷ್ಟೇ ಅಗತ್ಯವಾಗಿದೆ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿಯ ಸೀಮೆಯಲ್ಲಿ ಮಕ್ಕಳನ್ನು ಎಂಜಿನಿಯರ್ ಮಾಡುವ ಕನಸು ಕಾಣದ ಮನೆ ಕಡಿಮೆ. ಕನಸಿಗೆ ಬೇಕಾದ ನಲವತ್ತು ಐವತ್ತು ಸಾವಿರ ರೂಪಾಯಿ ಒಂದೇ ಗಂಟಾಗಿ ಕೈಯಲ್ಲಿರುವ ಮನೆಗಳೂ ಕಡಿಮೆಯೇ. ಆ ಅಂತರವನ್ನು ತುಂಬಲು ಬಂದದ್ದು ಕಂತು.

ಕಂತಿನ ವ್ಯಾಪಾರ ಹೊಸದೇನೂ ಅಲ್ಲ. ಅಮೆರಿಕದ ಸಿಂಗರ್ ಕಂಪನಿ 1856ರಷ್ಟು ಹಿಂದೆಯೇ ಹೊಲಿಗೆ ಯಂತ್ರಗಳನ್ನು ಕಂತಿನ ಮೇಲೆ ಮಾರತೊಡಗಿತ್ತು. ಹೊಲಿಗೆ ಯಂತ್ರ ಮನೆಗೆ ಬಂದ ಮರುದಿನದಿಂದಲೇ ನಾಲ್ಕು ಕಾಸು ದುಡಿದುಕೊಡಬಲ್ಲದು. ವಿದ್ಯಾರ್ಥಿಯ ಗಣಕ ದುಡಿಯಲು ಇನ್ನೂ ನಾಲ್ಕು ವರ್ಷ ಬೇಕು. ಕಂತು ಮಾತ್ರ ಮುಂದಿನ ತಿಂಗಳೇ ಶುರು.

ಸೊನ್ನೆಯೊಳಗೆ ಅಡಗಿದ ಬಡ್ಡಿ

ಮೊದಲ ಪ್ರಶ್ನೆ: ಬಡ್ಡಿಯೇ ಇಲ್ಲದ ಸಾಲವನ್ನು ಯಾರಾದರೂ ಏಕೆ ಕೊಡುತ್ತಾರೆ? ಭಾರತೀಯ ರಿಸರ್ವ್ ಬ್ಯಾಂಕ್ ಇದಕ್ಕೆ 2013ರ ಸೆಪ್ಟೆಂಬರ್ 17ರಂದೇ ಉತ್ತರ ಹೇಳಿದೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಬಡ್ಡಿಯನ್ನು ಸಂಸ್ಕರಣಾ ಶುಲ್ಕದಂಥ ಹೆಸರುಗಳಲ್ಲಿ ಮರೆಮಾಚಿ ಗ್ರಾಹಕರಿಂದ ವಸೂಲು ಮಾಡಲಾಗುತ್ತದೆ ಎಂದು ಅದು ಬ್ಯಾಂಕುಗಳಿಗೆ ತಾಕೀತು ಮಾಡಿತು. ಆ ಬಳಿಕ ಫಲಕದ ಮೇಲಿನ ಮಾತು ‘ನೋ ಕಾಸ್ಟ್ ಇಎಂಐ’ ಎಂದಾಯಿತು. ಕೆಲವು ಯೋಜನೆಗಳಲ್ಲಿ ತಯಾರಕರೋ ಅಂಗಡಿಯವರೋ ಬಡ್ಡಿಯ ಭಾರವನ್ನು ನಿಜವಾಗಿ ಹೊರುತ್ತಾರೆ. ಹಾಗಿದ್ದರೆ ಗ್ರಾಹಕನಿಗೆ ಲಾಭವೇ. ಆದರೆ ಅದು ಯಾವ ಯೋಜನೆ ಎಂಬುದು ಫಲಕ ನೋಡಿ ತಿಳಿಯುವುದಿಲ್ಲ, ಲೆಕ್ಕ ಹಾಕಿಯೇ ತಿಳಿಯಬೇಕು.

ಒಂದು ಉದಾಹರಣೆ ನೋಡೋಣ. ಲ್ಯಾಪ್‌ಟಾಪಿನ ಕಂತಿನ ಬೆಲೆ 48,000 ರೂಪಾಯಿ. ಅದೇ ವಸ್ತುವನ್ನು ನಗದು ಕೊಟ್ಟು ಕೊಂಡರೆ 2,000 ರೂಪಾಯಿ ರಿಯಾಯಿತಿ, ಅಂದರೆ 46,000. ಯೋಜನೆಯಂತೆ 4,000 ರೂಪಾಯಿಯ 12 ಕಂತುಗಳು. ಅವುಗಳಲ್ಲಿ 4 ಕಂತು ಮುಂಗಡ. ಸಂಸ್ಕರಣಾ ಶುಲ್ಕ 1,000, ಅದರ ಮೇಲೆ ಶೇಕಡ 18ರ ಜಿಎಸ್‌ಟಿ 180. ಹೀಗೆ ಮೊದಲ ದಿನವೇ ಕೊಡಬೇಕಾದದ್ದು 17,180 ರೂಪಾಯಿ.

ಈಗ ನಗದು ಬೆಲೆಯಿಂದ ಇದನ್ನು ಕಳೆಯಿರಿ. ಪೋಷಕರಿಗೆ ನಿಜವಾಗಿ ಸಿಕ್ಕ ಸಾಲ 28,820 ರೂಪಾಯಿ. ಅವರು ಮುಂದಿನ 8 ತಿಂಗಳಲ್ಲಿ ತೀರಿಸುವುದು 32,000. ಹೆಚ್ಚಿಗೆ ಹೋದದ್ದು 3,180. ಅಸಲು ತಿಂಗಳು ತಿಂಗಳೂ ಕರಗುತ್ತಾ ಬರುವುದರಿಂದ ಈ ಸಣ್ಣ ಮೊತ್ತವೇ ವಾರ್ಷಿಕ ಬಡ್ಡಿಯ ಲೆಕ್ಕದಲ್ಲಿ ಶೇಕಡ 28ನ್ನು ದಾಟುತ್ತದೆ! ಫಲಕದ ಮೇಲಿದ್ದ ಸೊನ್ನೆಯ ಹಿಂದೆ ಇಷ್ಟು ದೊಡ್ಡ ಅಂಕಿ ಕುಳಿತಿರುತ್ತದೆ.

‘ಫ್ಲಾಟ್’ ದರದ ಮಾತೂ ಇಷ್ಟೇ. 40,000 ರೂಪಾಯಿ ಸಾಲಕ್ಕೆ ಒಂದು ವರ್ಷಕ್ಕೆ ಶೇಕಡ 12ರ ಫ್ಲಾಟ್ ದರವೆಂದರೆ ಬಡ್ಡಿ 4,800, ಕಂತು ಸುಮಾರು 3,733. ಕೇಳಲು ಹಗುರ. ಆದರೆ ಆರನೇ ತಿಂಗಳಿಗೆ ಅರ್ಧದಷ್ಟು ಅಸಲು ತೀರಿದ್ದರೂ ಬಡ್ಡಿ ಮಾತ್ರ ಪೂರ್ತಿ 40,000ಕ್ಕೇ ಬೀಳುತ್ತಿರುತ್ತದೆ. ಉಳಿದ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಇದು ಶೇಕಡ 21ಕ್ಕೂ ಹೆಚ್ಚು. ಬಡ್ಡಿ ಎಷ್ಟು ಎಂದು ಕೇಳಿದರೆ ಸಾಲದು. ಯಾವುದರ ಮೇಲೆ ಎಂದೂ ಕೇಳಬೇಕು.

ಐದನೇ ತಾರೀಖು ಮತ್ತು ನಾಲ್ಕನೇ ಜ್ವರ

ಬಡ್ಡಿಗಿಂತಲೂ ಈ ಸೀಮೆಯ ಮನೆಗಳನ್ನು ಹೆಚ್ಚು ಕಾಡುವುದು ತಾರೀಖು. ತಿಂಗಳ ಕಂತು ಎಂಬುದು ತಿಂಗಳ ಸಂಬಳದವರಿಗಾಗಿ ಹುಟ್ಟಿದ ಏರ್ಪಾಡು. ಒಂದನೇ ತಾರೀಖು ಸಂಬಳ ಬಂದರೆ ಐದನೇ ತಾರೀಖು ಕಂತು ಹೋಗುತ್ತದೆ. ಆದರೆ ರೇಷ್ಮೆ ಹುಳು ಕ್ಯಾಲೆಂಡರ್ ನೋಡಿ ಗೂಡು ಕಟ್ಟುವುದಿಲ್ಲ. ಅದಕ್ಕೆ ನಾಲ್ಕು ಜ್ವರ ಕಳೆಯಬೇಕು, ಹಣ್ಣಾಗಬೇಕು, ಚಂದ್ರಿಕೆ ಏರಬೇಕು. ಹಿಪ್ಪುನೇರಳೆ ಮತ್ತೆ ಚಿಗುರಿ ಮುಂದಿನ ಬೆಳೆಗೆ ಸೊಪ್ಪು ಸಿದ್ಧವಾಗಲು ಇನ್ನಷ್ಟು ದಿನ. ಹುಳುವಿಗೆ ರೋಗ ತಗುಲಿದರೆ ಆ ಬೆಳೆಯೇ ಇಲ್ಲ. ಚಿಂತಾಮಣಿಯ ಟೊಮೆಟೊ ಬೆಳೆಗಾರನಿಗೆ ಒಂದು ವಾರ ಬಂಗಾರದ ಬೆಲೆ, ಮರುವಾರ ಕೂಲಿಯೂ ಹುಟ್ಟದ ಬೆಲೆ. ಚಿಕ್ಕಬಳ್ಳಾಪುರದ ಹೂವಿಗೆ ಹಬ್ಬದಲ್ಲೊಂದು ದರ, ಆಷಾಢದಲ್ಲೊಂದು ದರ. ಗೌರಿಬಿದನೂರಿನ ಮನೆಗಳಿಗೆ ಹಾಲಿನ ಬಟವಾಡೆ ತಪ್ಪದೆ ಬರುತ್ತದೆ ನಿಜ. ಅದರ ಬಹುಪಾಲು ಹಿಂಡಿ, ಬೂಸಾಕ್ಕೇ ಹೋಗುತ್ತದೆ.

ಹೀಗಾಗಿ ವರ್ಷದ ಒಟ್ಟು ಆದಾಯದಲ್ಲಿ ಕಂತು ಕಟ್ಟುವ ಶಕ್ತಿ ಇದ್ದವರೂ ಐದನೇ ತಾರೀಖಿನ ಬೆಳಿಗ್ಗೆ ಸೋಲುತ್ತಾರೆ. ಖಾತೆಯಿಂದ ಹಣ ತಾನಾಗಿ ಕಡಿತವಾಗಲಿ ಎಂದು ಸಾಲದ ಜೊತೆಗೇ ಒಪ್ಪಿಗೆ ಪಡೆದಿರುತ್ತಾರೆ. ಖಾತೆಯಲ್ಲಿ ಹಣವಿಲ್ಲದಿದ್ದರೆ ಬ್ಯಾಂಕು ಒಂದು ಶುಲ್ಕ ಹಾಕುತ್ತದೆ, ಸಾಲ ಕೊಟ್ಟವರು ಮತ್ತೊಂದು ಹಾಕುತ್ತಾರೆ. 4,000 ರೂಪಾಯಿಯ ಕಂತು ತಪ್ಪಿದ್ದಕ್ಕೆ ಇಷ್ಟು ದಂಡ ತೆತ್ತರೆ ಕಂತು ಮುಂದಿನ ತಿಂಗಳೂ ತಪ್ಪುವ ಸಂಭವವೇ ಹೆಚ್ಚು.

ಸಹಿಗೆ ಮುನ್ನ ಎರಡು ಕೆಲಸ ಮಾಡಬಹುದು. ಕಡಿತದ ತಾರೀಖನ್ನು ಬದಲಿಸಿಕೊಳ್ಳಲು ಅವಕಾಶವಿದೆಯೇ ಎಂದು ಕೇಳುವುದು ಒಂದು. ಮಾರುಕಟ್ಟೆಯ ಹಣ ಬಂದ ದಿನವೇ ಎರಡು ಮೂರು ಕಂತಿನಷ್ಟು ಮೊತ್ತವನ್ನು ಕಡಿತದ ಖಾತೆಯಲ್ಲಿಟ್ಟು, ಅದನ್ನು ಮುಟ್ಟದಿರುವುದು ಇನ್ನೊಂದು. ಎರಡೂ ಸಾಧ್ಯವಾಗದಿದ್ದರೆ ಒಂದು ಬೆಳೆ ಕಾದು ನಗದಿಗೆ ಕೊಳ್ಳುವುದೇ ಲೇಸು.

ಸಾಲ ಸಿಗದವರ ಸಂಕಟ

ಕೆಲವರಿಗೆ ಸಾಲ ಸಿಕ್ಕ ಕಷ್ಟ, ಕೆಲವರಿಗೆ ಸಿಗದ ಕಷ್ಟ. ಮಗನ ಮುಂದೆಯೇ ‘ನಿಮ್ಮ ಅರ್ಜಿ ತಿರಸ್ಕೃತವಾಗಿದೆ’ ಎಂಬ ಮಾತು ಕೇಳಿ ಅಂಗಡಿಯಿಂದ ಬರಿಗೈಯಲ್ಲಿ ಹೊರಬರುವ ತಂದೆಯ ಮನಸ್ಸು ಯಾರಿಗೂ ಬೇಡ. ಈಗ ಸಾಲದ ಅರ್ಹತೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು 300ರಿಂದ 900ರವರೆಗಿನ ಸಾಲಾಂಕ, ಜನರ ಬಾಯಲ್ಲಿ ‘ಸಿಬಿಲ್ ಸ್ಕೋರ್’. ಎಂದೂ ಸಾಲ ಮಾಡದವರಿಗೆ ಅಂಕವೇ ಇರುವುದಿಲ್ಲ. ಬಂಧುವಿಗೋ ನೆರೆಯವರಿಗೋ ಜಾಮೀನು ನಿಂತ ಸಾಲ ಬಾಕಿಯಾದರೆ ಅದೂ ಜಾಮೀನುದಾರನ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ. ಒಂದು ಕಡೆ ಆಗದಿದ್ದರೆ ಇನ್ನೊಂದು ಕಡೆ ನೋಡೋಣ ಎಂದು ಒಂದೇ ದಿನ ಮೂರು ನಾಲ್ಕು ಸಂಸ್ಥೆಗಳಿಗೆ ಅರ್ಜಿ ಹಾಕಿದರೆ ಅಂಕ ಇನ್ನಷ್ಟು ಇಳಿಯಬಹುದು.

ಆದ್ದರಿಂದ ಅಂಗಡಿಗೆ ಹೋಗುವ ಮೊದಲೇ ಸಾಲದ ವರದಿ ನೋಡಿಕೊಳ್ಳುವುದು ಜಾಣತನ. ಪ್ರತಿ ಸಾಲ ಮಾಹಿತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮ 2017ರ ಜನವರಿಯಿಂದಲೇ ಇದೆ. ತೀರಿಸಿದ ಸಾಲ ಬಾಕಿಯೆಂದು ತೋರಿಸುತ್ತಿದ್ದರೆ ದೂರು ಕೊಟ್ಟು ತಿದ್ದಿಸಬಹುದು. ಇದನ್ನು ಮಕ್ಕಳೇ ಮೊಬೈಲಿನಲ್ಲಿ ತಂದೆತಾಯಿಗೆ ಮಾಡಿಕೊಡಬಲ್ಲರು.

ವಿದ್ಯಾರ್ಥಿಗಳು ಇನ್ನೊಂದು ಮಾತು ತಿಳಿದಿರಬೇಕು. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ 18 ತುಂಬದವರು ಕರಾರು ಮಾಡಿಕೊಳ್ಳಲಾಗದು. ಹೀಗಾಗಿ ಪಿಯುಸಿ ಮುಗಿಸಿದ ಹದಿನೇಳರ ಹುಡುಗನ ಗಣಕದ ಸಾಲ ಸಾಮಾನ್ಯವಾಗಿ ತಂದೆಯ ಅಥವಾ ತಾಯಿಯ ಹೆಸರಿನಲ್ಲಿರುತ್ತದೆ. ಒಂದು ಕಂತು ತಪ್ಪಿದರೆ ಮಸುಕಾಗುವುದು ಅವರ ಹೆಸರು. ಮುಂದೆ ಬೇರೆ ಸಾಲ ಕೇಳಲು ಹೋದಾಗ ಅದು ಎದುರು ನಿಲ್ಲುತ್ತದೆ.

ಗಣಕ ಕೆಟ್ಟರೂ ಕಂತು ಕೆಡದು

ತಂದ ಹತ್ತನೇ ದಿನ ಪರದೆ ಕಪ್ಪಾಯಿತು ಎನ್ನಿ. ಅಂಗಡಿಯವರು ತಯಾರಕರ ಸೇವಾ ಕೇಂದ್ರದತ್ತ ಕೈ ತೋರಿಸುತ್ತಾರೆ. ಸಾಲ ಕೊಟ್ಟವರು ‘ವಸ್ತುವಿಗೂ ನಮಗೂ ಸಂಬಂಧವಿಲ್ಲ’ ಎನ್ನುತ್ತಾರೆ. ಸಿಟ್ಟಿನಿಂದ ಕಂತು ನಿಲ್ಲಿಸುವುದು ಇಂಥ ಸಮಯದಲ್ಲಿ ಆಗುವ ದೊಡ್ಡ ತಪ್ಪು. ಕೊಳ್ಳುವ ಕರಾರು ಬೇರೆ, ಸಾಲದ ಕರಾರು ಬೇರೆ. ಕಂತು ನಿಲ್ಲಿಸಿದರೆ ದೂರುದಾರರೇ ಸುಸ್ತಿದಾರರಾಗುತ್ತಾರೆ. ಕಂತು ಕಟ್ಟುತ್ತಲೇ ಲಿಖಿತ ದೂರು ಕೊಡಬೇಕು. ವಸ್ತು ವಾಪಸಾದರೆ ಸಾಲದ ಖಾತೆ ಮುಚ್ಚಿದೆ ಎಂಬ ಪತ್ರ ಕೈಗೆ ಬರುವವರೆಗೆ ಬಿಡಬಾರದು.

ಬಿಲ್ಲಿನ ಕೊನೆಯ ಸಾಲುಗಳನ್ನೂ ನೋಡಿಕೊಳ್ಳಿ. ಹೆಚ್ಚುವರಿ ವಾರಂಟಿ, ವಿಮೆ, ವೈರಸ್ ನಿರೋಧಕ ತಂತ್ರಾಂಶ ಮುಂತಾದವು ಕೇಳದೆಯೇ ಸಾಲದ ಮೊತ್ತಕ್ಕೆ ಸೇರಿರಬಹುದು. ಬೇಡ ಎನ್ನುವ ಹಕ್ಕು ಗ್ರಾಹಕರಿಗಿದೆ.

ಕಾನೂನಿನ ಆಸರೆ

ಗ್ರಾಹಕರ ಕೈಯಲ್ಲಿ ಈಗ ಒಂದು ಒಳ್ಳೆಯ ಸಾಧನವಿದೆ. 2024ರ ಅಕ್ಟೋಬರ್ 1ರಿಂದ ಕೊಡುವ ಇಂಥ ಪ್ರತಿ ಹೊಸ ಸಾಲಕ್ಕೂ ಬ್ಯಾಂಕುಗಳು ಮತ್ತು ಹಣಕಾಸು ಕಂಪನಿಗಳು ‘ಪ್ರಮುಖ ಅಂಶಗಳ ವಿವರಣಾ ಪತ್ರ’ ಕೊಡಲೇಬೇಕು. ಎಲ್ಲ ಶುಲ್ಕಗಳನ್ನೂ ಸೇರಿಸಿ ಲೆಕ್ಕ ಹಾಕಿದ ವಾರ್ಷಿಕ ದರ ಅದರಲ್ಲಿರಬೇಕು. ಅದು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅದನ್ನು ವಿವರಿಸಿಯೂ ಹೇಳಬೇಕು. ಅದರಲ್ಲಿಲ್ಲದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ. ಆದ್ದರಿಂದ ‘ಕನ್ನಡದಲ್ಲಿ ಕೊಡಿ’ ಎಂದು ಕೇಳಲು ಯಾರೂ ಸಂಕೋಚಪಡಬೇಕಾಗಿಲ್ಲ.

ವಸೂಲಿಗೆ ಬರುವವರಿಗೂ ಮಿತಿಯಿದೆ. ಬೆಳಿಗ್ಗೆ 8ಕ್ಕೆ ಮುನ್ನ, ಸಂಜೆ 7ರ ನಂತರ ಬಾಕಿಗಾಗಿ ಕರೆ ಮಾಡುವಂತಿಲ್ಲವೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಸ್ಪಷ್ಟಪಡಿಸಿದೆ. ಸಾಲ ಕೊಟ್ಟ ಸಂಸ್ಥೆ ದೂರಿಗೆ 30 ದಿನಗಳಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಉಚಿತವಾಗಿ ದೂರಬಹುದು, ಮಾಹಿತಿಗೆ 14448. ವಸ್ತುವಿನ ದೋಷಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕರು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಗಣಕವನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡಿದ್ದರೂ ಅದಕ್ಕಾಗಿ ಬೆಂಗಳೂರಿಗೆ ಅಲೆಯಬೇಕಿಲ್ಲ. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವೂ ಇಲ್ಲ.

ಮತ್ತೊಂದು ದಾರಿ

ಶಿಕ್ಷಣ ಸಾಲಕ್ಕೆ ಅರ್ಜಿ ಹಾಕುವವರು ಅನೇಕರು. ಅದರಲ್ಲೇ ಗಣಕದ ಬೆಲೆಯನ್ನೂ ಸೇರಿಸಬಹುದೆಂದು ತಿಳಿದವರು ಕೆಲವರು. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ವ್ಯಾಸಂಗಕ್ಕೆ ಅಗತ್ಯವಾದ ಗಣಕದ ಖರೀದಿಗೂ ಅವಕಾಶವಿದೆ. ಶುಲ್ಕದ ವಿವರದ ಜೊತೆಗೆ ಅಂಗಡಿಯಿಂದ ಬೆಲೆಪಟ್ಟಿ ತಂದು ಅರ್ಜಿ ಹಾಕುವಾಗಲೇ ಸೇರಿಸಬೇಕು. ವ್ಯಾಸಂಗದ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತಿನ ಬಿಡುವು ಇರುತ್ತದೆ. ಬಡ್ಡಿ ಅಲ್ಲಿಯೂ ಬೆಳೆಯುತ್ತದೆ. ಆದರೆ ತೀರಿಸುವ ಹೊತ್ತಿಗೆ ದುಡಿಯುವ ಕೈ ಇನ್ನೊಂದಾಗಿರುತ್ತದೆ. ಬ್ಯಾಂಕಿನಲ್ಲಿ ನಾಲ್ಕು ಸಲ ಅಲೆಯಬೇಕಾದೀತು. ಅಂಗಡಿಯ ಅರ್ಧ ಗಂಟೆಯ ಸಾಲಕ್ಕೆ ಹೋಲಿಸಿದರೆ ಆ ಅಲೆದಾಟ ವ್ಯರ್ಥವಲ್ಲ.

ಸಹಿ ಹಾಕುವ ಮುನ್ನ ಕೇಳಿ

1. ನಗದು ಕೊಟ್ಟರೆ ಇದೇ ಗಣಕದ ಬೆಲೆ ಎಷ್ಟು?
2. ಮುಂಗಡ, ಶುಲ್ಕ, ಎಲ್ಲ ಕಂತು ಸೇರಿ ಕೊಡುವ ಒಟ್ಟು ಹಣ ಎಷ್ಟು?
3. ವಿವರಣಾ ಪತ್ರದಲ್ಲಿರುವ ವಾರ್ಷಿಕ ದರ ಎಷ್ಟು?
4. ಕಡಿತದ ತಾರೀಖು ಯಾವುದು? ಬದಲಿಸಬಹುದೇ?
5. ಕಂತು ತಪ್ಪಿದರೆ ದಂಡ ಎಷ್ಟು? ಅವಧಿಗೆ ಮುನ್ನ ತೀರಿಸಿದರೆ ಶುಲ್ಕವಿದೆಯೇ?
6. ಕರಾರಿನ ಪ್ರತಿ ಎಲ್ಲಿ?

ಈ ಆರು ಪ್ರಶ್ನೆಗಳಿಗೆ ಉತ್ತರ ಪಡೆಯಲು ಹತ್ತು ನಿಮಿಷ ಸಾಕು. ಅಪ್ಪನಿಗೆ ಕೇಳಲು ಮುಜುಗರವಾದರೆ ಮಗಳು ಕೇಳಲಿ. ಲೆಕ್ಕ ಕಲಿಯಲೆಂದೇ ಅಲ್ಲವೇ ಅವಳು ಕಾಲೇಜಿಗೆ ಹೊರಟಿರುವುದು? ಹೊಸ ಗಣಕದಲ್ಲಿ ಹಾಕಬೇಕಾದ ಮೊದಲ ಲೆಕ್ಕವನ್ನು ಅದನ್ನು ಕೊಳ್ಳುವ ಮುನ್ನವೇ ಒಂದು ಕಾಗದದ ಮೇಲೆ ಹಾಕಿದರೆ, ಮನೆಗೆ ಬರುವ ಪೆಟ್ಟಿಗೆಯ ಜೊತೆಗೆ ನೆಮ್ಮದಿಯೂ ಬಂದೀತು.