ನೇರ ನಡೆಯ ಗಣಿತ

ನೊಗಕ್ಕೆ ಹೂಡಿದ ಎರಡೆತ್ತುಗಳು ಎಷ್ಟೇ ಸರಿಜೋಡಿಯಾಗಿ ತೋರಿದರೂ ಅವುಗಳ ಬಲವು ಒಂದೇ ಸಮನಾಗಿರುವುದಿಲ್ಲವೆಂಬುದನ್ನೂ, ಸಾಲು ಡೊಂಕಾಗದಂತೆ ಕಾಯುವುದು ಮೇಳಿ ಹಿಡಿದವನ ಎಡೆಬಿಡದ ಎಚ್ಚರವೆಂಬುದನ್ನೂ ಬುಕ್ಕಾಂಬುಧಿಯ ಒಕ್ಕಲುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಮೃತಮಹಲ್ ರಾಸುಗಳ ಸಂವರ್ಧನ ಕೇಂದ್ರಕ್ಕೆ ಹೆಸರಾದ ಅಜ್ಜಂಪುರದ ಇದೇ ಸೀಮೆಯಲ್ಲಿ ಬೆಳೆಯುವ ಬಾಲಕನೊಬ್ಬನು ದೂರದಿಂದಲೇ ನಡೆಸಬಹುದಾದ ಪುಟ್ಟ ರೋಬೋ ಬಂಡಿಯೊಂದನ್ನು ಕಟ್ಟಲು ಹೊರಟನೆಂದರೆ, ಅವನಿಗೆ ಮೊದಲು ಎದುರಾಗುವ ಪ್ರಶ್ನೆಯೂ ಇದೇ: ಬಲ ಸಮನಲ್ಲದ ಜೋಡಿಯನ್ನು ನೇರವಾಗಿ ನಡೆಸುವುದು ಹೇಗೆ?

ಬೇಕಾದ ಸಾಮಗ್ರಿ ಅಲ್ಪವಾದುದು. ಒಂದು ಹಲಗೆ, ಹಲ್ಲುಚಕ್ರಗಳುಳ್ಳ ಎರಡು ಮೋಟಾರು, 65 ಮಿಲಿಮೀಟರ್ ವ್ಯಾಸದ ಎರಡು ಗಾಲಿ, ಮುಂದೊಂದು ಉರುಳುಗಾಲಿ, ಬ್ಯಾಟರಿ, ಆರ್ಡುಯಿನೊ ಎಂಬ ನಿಯಂತ್ರಕ ಫಲಕ, ಮೋಟಾರ್ ಡ್ರೈವರ್, ಬ್ಲೂಟೂತ್ ಮಾಡ್ಯೂಲ್: ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇವೆಲ್ಲವೂ ದೊರೆಯುತ್ತವೆ. ಆದರೆ ಎರಡು ಮೋಟಾರುಗಳಿಗೂ ಸಮನಾದ ವಿದ್ಯುತ್ತನ್ನು ಕೊಟ್ಟ ಮಾತ್ರಕ್ಕೆ ಗಾಲಿಗಳ ವೇಗವು ಸಮನಾಗದು. ಎಡಗಾಲಿಯು ನೂರು ಸುತ್ತುವಷ್ಟರಲ್ಲಿ ಬಲಗಾಲಿಯು ತೊಂಬತ್ತೇಳು ಸುತ್ತಿತೆಂದಿಟ್ಟುಕೊಳ್ಳೋಣ. ಗಾಲಿಗಳ ನಡುವಣ ಅಂತರ 13 ಸೆಂಟಿಮೀಟರ್ ಆಗಿದ್ದಲ್ಲಿ, ಬಂಡಿಯು ಮೀಟರಿಗೆ ಸುಮಾರು 13 ಡಿಗ್ರಿಯಂತೆ ಬಲಕ್ಕೆ ವಾಲುತ್ತ, ಏಳು ಮೀಟರು ಕ್ರಮಿಸುವುದರೊಳಗೆ ಪೂರ್ತಿ ಅಡ್ಡವಾಗಿಬಿಡುತ್ತದೆ.

ಇದಕ್ಕೆ ಪರಿಹಾರವು ಅಳತೆಯಲ್ಲಿದೆ. ಪ್ರತಿಯೊಂದು ಗಾಲಿಯ ಅಚ್ಚಿಗೂ ಇಪ್ಪತ್ತು ಸೀಳುಗಳುಳ್ಳ ತಟ್ಟೆಯನ್ನು ತೊಡಿಸಿ, ಆ ಸೀಳುಗಳಲ್ಲಿ ಹಾಯ್ದುಬರುವ ಬೆಳಕನ್ನು ಸಂವೇದಕದಿಂದ ಎಣಿಸಿದರೆ, ಒಂದೊಂದು ಎಣಿಕೆಗೂ ಸುಮಾರು ಒಂದು ಸೆಂಟಿಮೀಟರ್ ದೂರವು ಲೆಕ್ಕಕ್ಕೆ ಸಿಗುತ್ತದೆ. ಎರಡು ಎಣಿಕೆಗಳ ವ್ಯತ್ಯಾಸವನ್ನು ಕ್ಷಣಕ್ಷಣವೂ ನೋಡಿ, ಮುಂದಾದ ಗಾಲಿಯ ವೇಗವನ್ನು ತಗ್ಗಿಸಿ ಹಿಂದುಳಿದುದರ ವೇಗವನ್ನು ಹೆಚ್ಚಿಸತಕ್ಕದ್ದು. ಇದೇ ರೀತಿ, ಹಡಗಿನ ಚುಕ್ಕಾಣಿಗನು ಈಗಿನ ತಪ್ಪು, ಈವರೆಗೆ ಕೂಡಿಬಂದ ತಪ್ಪು, ತಪ್ಪು ಬದಲಾಗುತ್ತಿರುವ ವೇಗ ಎಂಬ ಮೂರನ್ನೂ ಗಮನಿಸಿ ದಿಕ್ಕು ತಿದ್ದುವ ಕ್ರಮಕ್ಕೆ ಎಂಜಿನಿಯರ್ ನಿಕೊಲಸ್ ಮಿನೊರ್ಸ್ಕಿಯು 1922ರಲ್ಲಿ ಗಣಿತದ ರೂಪ ಕೊಟ್ಟನು. ಪಿಐಡಿ ಎಂದು ಇಂದು ಹುಡುಗರ ಬಾಯಲ್ಲೂ ಓಡಾಡುವ ವಿಧಾನವು ಅದೇ. ಇನ್ನು ತಿರುಗಿಸುವ ವಿಷಯಕ್ಕೆ ಬಂದರೆ, ನೇರ ನಡೆಗೆ ಯಾವ ವೇಗಭೇದವು ದೋಷವಾಗಿತ್ತೋ, ಅದನ್ನೇ ಮೊಬೈಲಿನಿಂದ ಬೇಕೆಂದು ಉಂಟುಮಾಡಿದಾಗ ಅದು ಚುಕ್ಕಾಣಿಯ ಕೆಲಸವನ್ನು ಮಾಡುತ್ತದೆ.

2023ರ ಆಗಸ್ಟ್ 23ರಂದು ಚಂದ್ರನನ್ನು ತಲುಪಿದ, 26 ಕಿಲೋಗ್ರಾಂ ತೂಕದ ಆರು ಗಾಲಿಗಳ ಪ್ರಜ್ಞಾನ್ ರೋವರ್ ತಿರುಗಿದ್ದೂ ಗಾಲಿಗಳ ವೇಗಭೇದದಿಂದಲೇ. ಅದೇ ತಿಂಗಳ 27ರಂದು ಮೂರು ಮೀಟರು ಮುಂದೆ ನಾಲ್ಕು ಮೀಟರು ವ್ಯಾಸದ ಕುಳಿಯೊಂದು ಕಂಡಾಗ, ಭೂಮಿಯಿಂದ ಹೊರಟ ಆಜ್ಞೆಯಂತೆ ಅದು ಬಂದ ದಾರಿಯಲ್ಲೇ ಹಿಂದಿರುಗಿತು. ಸೆಕೆಂಡಿಗೆ ಸುಮಾರು ಒಂದೇ ಸೆಂಟಿಮೀಟರಿನಷ್ಟಿದ್ದ ಅದರ ಮಂದಗತಿಯು, ದೂರದಿಂದ ನಡೆಸುವವನಿಗೆ ವೇಗಕ್ಕಿಂತಲೂ ನಿಯಂತ್ರಣವೇ ಮುಖ್ಯವೆಂಬುದಕ್ಕೆ ಪ್ರಮಾಣವಾಗಿದೆ.

ಆದಕಾರಣ ಗ್ರಾಮಾಂತರ ಶಾಲೆಗಳ ಅಧ್ಯಾಪಕರಲ್ಲಿ ನನ್ನ ಬಿನ್ನಹವಿಷ್ಟೆ: ಸಿದ್ಧಪಡಿಸಿದ ಆಟಿಕೆಯನ್ನು ಮಕ್ಕಳ ಕೈಗಿತ್ತು ತೃಪ್ತರಾಗಬೇಡಿರಿ. ಜಗಲಿಯ ಮೇಲೊಂದು ಸೀಮೆಸುಣ್ಣದ ಗೆರೆಯನ್ನೆಳೆದು, ಬಂಡಿಯು ಅದರಿಂದ ಎಷ್ಟು ಸರಿಯಿತೆಂದು ಅವರಿಂದಲೇ ಅಳೆಯಿಸಿರಿ, ಅವರಿಂದಲೇ ತಿದ್ದಿಸಿರಿ. ತಪ್ಪನ್ನು ಅಳೆದು ತಿದ್ದಲು ಕಲಿತ ಮಗುವಿಗೆ ವಿಜ್ಞಾನವು ಕೈವಶವಾದಂತೆಯೇ ಸರಿ.