ನಿದ್ದೆ ಬಾರದವರಿಗೆ ಸೂಜಿ ಚಿಕಿತ್ಸೆ: ದೇಹದೊಳಗೆ ನಡೆಯುವುದೇನು?

'ಅಕ್ಯುಪಂಕ್ಚರ್ ಮಾಡಿಸಿದರೆ ನಿದ್ದೆ ಬರುತ್ತದೆಯೇ ಹಕೀಮರೇ?' ಹೀಗೆ ಕೇಳುವವರಲ್ಲಿ ನಿದ್ದೆ ಮಾತ್ರೆಗೆ ಹೆದರಿದವರೇ ಹೆಚ್ಚು. ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸುವ ಪ್ರಶ್ನೆ ಇದಲ್ಲ.

ನಾವು ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಶೇಖರವಾಗುತ್ತಾ ನಿದ್ದೆಯ ಒತ್ತಡವನ್ನು ಹೆಚ್ಚಿಸುತ್ತದೆ. ಕೆಫೀನ್ ಅಡ್ಡಿಪಡಿಸುವುದು ಇದರ ಕೆಲಸವನ್ನೇ. (ರಾತ್ರಿಯೂಟದ ಮೇಲಿನ ಸುಲೈಮಾನಿಯೂ ಚಹಾವೇ ಎಂಬುದನ್ನು ನಾವು ಮರೆತುಬಿಡುತ್ತೇವೆ!) ಕತ್ತಲಾದಂತೆ ಪೀನಿಯಲ್ ಗ್ರಂಥಿ ಮೆಲಟೋನಿನ್ ಸ್ರವಿಸಿ, ರಾತ್ರಿಯಾಯಿತೆಂದು ದೇಹಕ್ಕೆ ತಿಳಿಸುತ್ತದೆ. ಆದರೆ ದೀರ್ಘಕಾಲದ ನಿದ್ರಾಹೀನತೆಯಲ್ಲಿ ದಣಿವಿದ್ದರೂ ದೇಹ ಕಾವಲುಗಾರನಂತೆ ಎಚ್ಚರವಾಗಿಯೇ ಇರುತ್ತದೆ. ಸಿಂಪಥೆಟಿಕ್ ನರವ್ಯೂಹ ಚುರುಕಾಗಿರುತ್ತದೆ, ಎದೆಬಡಿತ ಇಳಿಯುವುದಿಲ್ಲ. ಯುನಾನಿಯಲ್ಲಿ ಇದಕ್ಕೆ 'ಸಹರ್' ಎಂದು ಹೆಸರು. ಮೆದುಳಿನ ಶುಷ್ಕತೆ ಇದರ ಮುಖ್ಯ ಕಾರಣಗಳಲ್ಲೊಂದು ಎನ್ನುತ್ತದೆ ನಮ್ಮ ಪದ್ಧತಿ. ಚೀನೀ ವೈದ್ಯರ ಪ್ರಕಾರ ಹೃದಯದಲ್ಲಿ ನೆಲೆಸಿರುವ 'ಶೆನ್' ಅಂದರೆ ಮನಸ್ಸು ಕದಡಿರುತ್ತದೆ. ಆದ್ದರಿಂದಲೇ ಮಣಿಕಟ್ಟಿನ ಗೆರೆಯಲ್ಲಿ ಕಿರುಬೆರಳಿನ ಬದಿಗಿರುವ 'ಶೆನ್‌ಮೆನ್' ಬಿಂದುವಿಗೆ ಅವರು ಮೊದಲ ಸ್ಥಾನ ಕೊಡುತ್ತಾರೆ. ಜೊತೆಗೆ ಕಾಲಿನ ಒಳಗಣ್ಣಿನಿಂದ ನಾಲ್ಕು ಬೆರಳು ಮೇಲಿನ 'ಸಾನ್‌ಯಿನ್‌ಜಿಯಾವ್', ನೆತ್ತಿಯ 'ಬೈಹುಯಿ'.

ಸೂಜಿ ಚುಚ್ಚಿದಾಗ ಚರ್ಮ ಮತ್ತು ಸ್ನಾಯುವಿನ ನರಗಳು ಬೆನ್ನುಹುರಿಯ ಮೂಲಕ ಮೆದುಳಿಗೆ ಸುದ್ದಿ ಒಯ್ಯುತ್ತವೆ. ಅಲ್ಲಿ ಎಂಡಾರ್ಫಿನ್ ಬಿಡುಗಡೆಯಾಗುತ್ತದೆ. ಸಿಂಪಥೆಟಿಕ್ ಬಿಗಿ ಸಡಿಲಿ, ಶಾಂತಗೊಳಿಸುವ ವೇಗಸ್ ನರದ ಹಿಡಿತ ಹೆಚ್ಚುತ್ತದೆ ಎಂಬುದು ಸಂಶೋಧಕರ ಮುಖ್ಯ ಊಹೆ. 2004ರಲ್ಲಿ ಕೆನಡಾದಲ್ಲಿ ಆತಂಕ ಮತ್ತು ನಿದ್ರಾಹೀನತೆಯಿದ್ದ 18 ಮಂದಿಗೆ 5 ವಾರ ಸೂಜಿ ಚಿಕಿತ್ಸೆ ಕೊಟ್ಟಾಗ ರಾತ್ರಿಯ ಮೆಲಟೋನಿನ್ ಹೆಚ್ಚಿತ್ತು. ಆದರೆ ಚಿಕಿತ್ಸೆ ಪಡೆಯದವರೊಂದಿಗೆ ಹೋಲಿಸಿರಲಿಲ್ಲ. 2010ರಲ್ಲಿ ಅಮೆರಿಕದ ಸಂಶೋಧಕರು ಇಲಿಗಳಲ್ಲಿ ಸೂಜಿ ತಿರುಗಿಸಿದ ಜಾಗದಲ್ಲೇ ಅಡೆನೊಸಿನ್ ಏರುವುದನ್ನು ಕಂಡರು. ಕೆಲವರು ಇದನ್ನು ನಿದ್ದೆಗೂ ಜೋಡಿಸುತ್ತಾರೆ, ನನಗದು ಒಪ್ಪಿಗೆಯಿಲ್ಲ. ಅದು ಕಾಲಿನಲ್ಲಿ ನೋವು ಇಳಿಸಿದ ಅಡೆನೊಸಿನ್, ಮೆದುಳಿನದ್ದಲ್ಲ.

ಫಲಿತಾಂಶವೇನು? 2012ರ ಕಾಕ್ರೇನ್ ವಿಮರ್ಶೆ 33 ಪ್ರಯೋಗಗಳನ್ನು ಪರಿಶೀಲಿಸಿ, ಅವುಗಳ ಗುಣಮಟ್ಟ ಸಾಲದೆಂದು ಹೇಳಿತು. 2019ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಕ್ಯಾನ್ಸರ್‌ನಿಂದ ಚೇತರಿಸಿಕೊಂಡ 160 ಮಂದಿಯಲ್ಲಿ ಕೆಲವರಿಗೆ ಸೂಜಿ, ಉಳಿದವರಿಗೆ ನಿದ್ದೆಯ ಅಭ್ಯಾಸ ಮತ್ತು ಆಲೋಚನೆ ತಿದ್ದುವ ಚಿಕಿತ್ಸೆ ಕೊಟ್ಟರು. 8 ವಾರಗಳಲ್ಲಿ ಎರಡೂ ಗುಂಪಿನವರ ನಿದ್ದೆ ಸುಧಾರಿಸಿತು, ಎರಡನೆಯದ್ದೇ ಮುಂದಿತ್ತು. ಹಾಗಾಗಿ ಮೊದಲು ಅಭ್ಯಾಸ ತಿದ್ದಿಕೊಳ್ಳಿ ಎಂದೇ ನಾನು ಹೇಳುವುದು. ದಿನವೂ ಒಂದೇ ಹೊತ್ತಿಗೆ ಏಳುವುದು, ಹಾಸಿಗೆಯಲ್ಲಿ ಮೊಬೈಲ್ ಬಿಡುವುದು, ನಿದ್ದೆ ಬಾರದಿದ್ದರೆ ಎದ್ದು ಬೇರೆ ಕೋಣೆಯಲ್ಲಿ ಕೂರುವುದು. ಅದಕ್ಕೆ ಜೊತೆಯಾಗಿ ಸೂಜಿ ಬೇಕಾದರೆ ಆಗಲಿ.

ಮಾಡಿಸುವವರು ತರಬೇತಿ ಪಡೆದವರ ಬಳಿಗೇ ಹೋಗಿ. ಸೂಜಿಯ ಪೊಟ್ಟಣ ನಿಮ್ಮ ಕಣ್ಣೆದುರೇ ತೆರೆಯಬೇಕು, ಒಮ್ಮೆ ಬಳಸಿದ್ದನ್ನು ಎಸೆಯಬೇಕು. ಇಲ್ಲವಾದರೆ ಹೆಪಟೈಟಿಸ್ ಬಿ ಹರಡುವ ಅಪಾಯವಿದೆ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಮತ್ತು ಗರ್ಭಿಣಿಯರು ಮೊದಲೇ ತಿಳಿಸಬೇಕು; ಗರ್ಭಿಣಿಯರಿಗೆ ಕಾಲಿನ ಆ ಬಿಂದುವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ನಿದ್ದೆ ಮಾತ್ರೆಯನ್ನು ಥಟ್ಟನೆ ನಿಲ್ಲಿಸಬೇಡಿ, ಕೊಟ್ಟ ವೈದ್ಯರೇ ಹಂತಹಂತವಾಗಿ ಇಳಿಸಲಿ. ಜೋರಾಗಿ ಗೊರಕೆ ಹೊಡೆಯುತ್ತಾ ನಡುವೆ ಉಸಿರು ನಿಂತಂತಾಗಿ ಬೆಚ್ಚಿ ಏಳುವವರು ಮನೆಯಲ್ಲಿದ್ದರೆ, ಅವರಿಗೆ ಸೂಜಿಗಿಂತ ಮೊದಲು ಆಸ್ಪತ್ರೆಯಲ್ಲಿ ನಿದ್ರಾ ಪರೀಕ್ಷೆ ಆಗಬೇಕು.